ಮೇನೆಯೊಳಗಿನ ಓದುಗ

ಕಳೆದ ಬೇಸಗೆಯಲ್ಲಿ ಮದುವೆಯೊಂದರ ನಿಮಿತ್ತ ಡೆಂಕಣಿಕೋಟೆಯ ಕಡೆಯ ಹಳ್ಳಿಯೊಂದಕ್ಕೆ ನಾವು ಹೋಗಬೇಕಾಯಿತು. ಊಟವಾದ ಮೇಲೆ ಮನೆಯ ಯಜಮಾನರು ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆಯನ್ನು ಇಳಿಸಿ ನಮ್ಮ ಮುಂದಿಟ್ಟರು. ಅದರ ತುಂಬ ಅಂಚೆಯ ಕಾರ್ಡುಗಳು. ಯಜಮಾನರ ತಂದೆ, ಸೇಲಂನಲ್ಲಿ ನೌಕರಿಯಲ್ಲಿದ್ದ ತಮ್ಮ ಸಹೋದರನಿಗೆ ಇಪ್ಪತ್ತು ವರ್ಷಗಳ ಕಾಲ ಬರೆದ ಕಾರ್ಡುಗಳವು. ಆ ಸಹೋದರರು ನಿವೃತ್ತರಾಗಿ ಊರಿಗೆ ಮರಳುವಾಗ ಜೋಪಾನವಾಗಿ ಕಟ್ಟಿ ತಂದವು. ಮಳೆ, ರಾಗಿಯ ಪೈರು, ಈದ ಎಮ್ಮೆ, ಹೆಣ್ಣುಮಕ್ಕಳ ಬಾಣಂತನ, ಇಷ್ಟೆಲ್ಲ ಬರೆದಾದ ಮೇಲೆ ಪ್ರತಿಯೊಂದು ಕಾರ್ಡಿನ ಕೊನೆಗೂ ಒಂದು ಸಾಲು ತಪ್ಪದೆ ಇರುತ್ತಿತ್ತು: ಆ ವಾರ ಓದಿದ್ದೇನು ಎಂಬುದು. ಒಮ್ಮೆ ಜೈಮಿನಿ ಭಾರತದ ಒಂದು ಸಂಧಿ, ಒಮ್ಮೆ ಮಾಸ್ತಿಯವರ ಒಂದು ಕಥೆ, ಇನ್ನೊಮ್ಮೆ ಬೆಂಗಳೂರಿನಿಂದ ಬಂದ ಬಂಧುಗಳು ಬಿಟ್ಟುಹೋದ ಹಳೆಯ ವಾರಪತ್ರಿಕೆ.

ನಾವು ಕಾರ್ಡುಗಳನ್ನು ನೋಡುತ್ತಿದ್ದಾಗ ಯಜಮಾನರ ಮೊಮ್ಮಗಳು ಬಂದು ಪಕ್ಕದಲ್ಲಿ ಕುಳಿತಳು. ಹೊಸೂರಿನ ಕಾಲೇಜಿನಲ್ಲಿ ಓದುತ್ತಿರುವ ಜಾಣೆ. ಮನೆಯಲ್ಲಿ ಆಡುವುದು ಅಚ್ಚ ಕನ್ನಡ. ಓದುಬರಹವೆಲ್ಲ ತಮಿಳು ಮತ್ತು ಇಂಗ್ಲಿಷು. “ಮುತ್ತಜ್ಜ ಏನು ಬರೆದಿದ್ದಾರೆ, ಸ್ವಲ್ಪ ಓದಿ ಹೇಳಿ” ಎಂದಳು. ಸಂಜೆಯವರೆಗೂ ನಾವು ಓದಿದೆವು, ಅವಳು ಕೇಳಿದಳು. ಪ್ರತಿಯೊಂದು ಮಾತೂ ಅವಳಿಗೆ ಅರ್ಥವಾಗುತ್ತಿತ್ತು. ಒಂದು ಅಕ್ಷರವೂ ಕಣ್ಣಿಗೆ ಹತ್ತುತ್ತಿರಲಿಲ್ಲ.

ಊರಿಗೆ ಮರಳಿದ ಮೇಲೆಯೂ ಆ ಪೆಟ್ಟಿಗೆ ನಮ್ಮ ಮನಸ್ಸನ್ನು ಬಿಡಲಿಲ್ಲ. ಒಬ್ಬ ಮನುಷ್ಯ ಏನು ಓದಿದ, ಹೇಗೆ ಓದಿದ, ಆ ಓದು ಅವನನ್ನು ಏನು ಮಾಡಿತು ಎಂಬುದನ್ನು ಅವನ ಗ್ರಂಥಗಳಿಗಿಂತಲೂ ಚೆನ್ನಾಗಿ ಅವನ ಖಾಸಗಿ ಪತ್ರಗಳು ಹೇಳುತ್ತವೆ. ಗ್ರಂಥವನ್ನು ಲೋಕಕ್ಕಾಗಿ ಬರೆಯುತ್ತಾರೆ. ಪತ್ರವನ್ನು ತಂಗಿಗೋ ಗೆಳೆಯನಿಗೋ ಬರೆಯುತ್ತಾರೆ. ಹೀಗೆ ಯೋಚಿಸುತ್ತಿದ್ದಾಗ ನಮ್ಮ ನೆಲದ ಮೇಲೆಯೇ ಹಾದುಹೋದ ಇಬ್ಬರು ಪರದೇಶದ ಓದುಗರ ಪತ್ರಗಳು ನೆನಪಾದುವು. ಒಬ್ಬ, ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಬರಹಗಾರರಲ್ಲಿ ಓದಿನ ದೈತ್ಯನೆಂದೇ ಹೆಸರಾದ ಥಾಮಸ್ ಬ್ಯಾಬಿಂಗ್ಟನ್ ಮೆಕಾಲೆ. ಇನ್ನೊಬ್ಬ, ಅವನಿಗಿಂತ ಒಂದು ತಲೆಮಾರು ಹಿಂದೆ ನಮ್ಮ ನೆರೆಯ ಧರ್ಮಪುರಿಯಲ್ಲಿ ಏಳು ವರ್ಷ ಬಾಳಿದ ಥಾಮಸ್ ಮನ್ರೋ.

ಮೆಕಾಲೆ ಎಂದೊಡನೆ ನಮ್ಮಲ್ಲಿ ಅನೇಕರ ಹುಬ್ಬು ಗಂಟಿಕ್ಕುತ್ತದೆ. ಗುಮಾಸ್ತರನ್ನು ತಯಾರಿಸುವ ವಿದ್ಯೆಯನ್ನು ತಂದವನು ಎಂಬ ಬೈಗುಳ ಅವನ ಹೆಸರಿಗೆ ಅಂಟಿಕೊಂಡಿದೆ. ಇತ್ತೀಚೆಗಂತೂ, ಭಾರತದ ಉದ್ದಗಲಕ್ಕೂ ಸಂಚರಿಸಿ ಒಬ್ಬ ಭಿಕ್ಷುಕನನ್ನೂ ಕಾಣಲಿಲ್ಲವೆಂದು, ಈ ದೇಶದ ಬೆನ್ನೆಲುಬನ್ನು ಮುರಿಯಬೇಕೆಂದು ಅವನು 1835ರ ಫೆಬ್ರವರಿ 2ರಂದು ಬ್ರಿಟಿಷ್ ಸಂಸತ್ತಿನಲ್ಲಿ ಭಾಷಣ ಮಾಡಿದನೆಂಬ ಒಕ್ಕಣೆಯೊಂದು ಕೈಯಿಂದ ಕೈಗೆ ಓಡಾಡುತ್ತಿದೆ. ಅದು ಕಟ್ಟುಕಥೆ. ಆ ದಿನ ಆತ ಇದ್ದದ್ದು ಕಲಕತ್ತೆಯಲ್ಲಿ. ನಿಜವಾಗಿ ಅವನು ಬರೆದದ್ದೇ ಸಾಕಷ್ಟು ಕಟುವಾಗಿರುವಾಗ ಸುಳ್ಳಿನ ಸಹಾಯ ನಮಗೆ ಬೇಡ. ಅವನ ಸೋದರಳಿಯ ಜಾರ್ಜ್ ಆಟೊ ಟ್ರೆವೆಲಿಯನ್ 1876ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಅವನ ಪತ್ರಗಳು ಧಾರಾಳವಾಗಿ ಸೇರಿವೆ. ಅವುಗಳನ್ನೇ ನೋಡೋಣ.

ಗವರ್ನರ್ ಜನರಲ್ಲನ ಮಂಡಲಿಯಲ್ಲಿ ಕಾನೂನು ಸದಸ್ಯನಾಗಿ, ವರ್ಷಕ್ಕೆ ಹತ್ತು ಸಾವಿರ ಪೌಂಡು ಸಂಬಳದ ಮೇಲೆ, 1834ರ ಫೆಬ್ರವರಿಯಲ್ಲಿ ಮೆಕಾಲೆ ಹಡಗನ್ನೇರಿದ. ತಂದೆಯ ವ್ಯಾಪಾರ ಮುರಿದುಬಿದ್ದು ಸಂಸಾರದ ಭಾರ ಅವನ ಹೆಗಲ ಮೇಲಿತ್ತು. ಜತೆಯಲ್ಲಿ ತಂಗಿ ಹ್ಯಾನಾ. ಹೊರಡುವ ಮುನ್ನ ಅವಳಿಗೆ ಬರೆದ ಪತ್ರದಲ್ಲಿ, ಹಡಗಿಗೆ ಬೇಕಾದ ಪುಸ್ತಕಗಳ ಪಟ್ಟಿ ಇದೆ: ರಿಚರ್ಡ್‌ಸನ್ನನ ಕಾದಂಬರಿಗಳು, ವಾಲ್ಟೇರ್, ಗಿಬ್ಬನ್, ಇಟಾಲಿಯನ್ ಭಾಷೆಯಲ್ಲಿ ಆರ್ಲಾಂಡೊ, ಸ್ಪ್ಯಾನಿಷಿನಲ್ಲಿ ಡಾನ್ ಕ್ವಿಕ್ಸೋಟ್, ಗ್ರೀಕಿನಲ್ಲಿ ಹೋಮರ್, ಲ್ಯಾಟಿನ್ನಿನಲ್ಲಿ ಹೊರೇಸ್. ಪಟ್ಟಿಯ ಕೊನೆಯಲ್ಲಿ, ಪಾರಸಿ ಮತ್ತು ಹಿಂದೂಸ್ತಾನಿಯ ಅಕ್ಷರಾಭ್ಯಾಸಕ್ಕೆ ಬೇಕಾದ ಕೆಲವು ಪುಸ್ತಕಗಳೂ ಇವೆ. ಸಮುದ್ರದ ಮೇಲೆ ಆತ ಯಾರೊಡನೆಯೂ ಹೆಚ್ಚು ಬೆರೆಯದೆ ಹಗಲಿರುಳು ಓದಿದ. ಇಲಿಯಡ್ ಮತ್ತು ಒಡಿಸ್ಸಿ, ವರ್ಜಿಲ್, ಡಾಂಟೆ, ಪೆಟ್ರಾರ್ಕ್, ಗಿಬ್ಬನ್, ಮಿಲ್ ಬರೆದ ಭಾರತದ ಇತಿಹಾಸ, ಅದರ ಮೇಲೆ ವಾಲ್ಟೇರನ ಎಪ್ಪತ್ತು ಸಂಪುಟಗಳು ಪೂರ್ತಿ! ನಾಲ್ಕು ತಿಂಗಳ ಓದು ಇದು.

ಜೂನ್ 10ರಂದು ಆತ ಮದರಾಸಿನಲ್ಲಿ ಇಳಿದ. ಗವರ್ನರ್ ಜನರಲ್ ಬೆಂಟಿಂಕ್ ಆಗ ಉದಕಮಂಡಲದಲ್ಲಿ ತಂಗಿದ್ದುದರಿಂದ, ತಂಗಿಯನ್ನು ಹಡಗಿನಲ್ಲಿಯೇ ಕಲಕತ್ತೆಗೆ ಕಳುಹಿಸಿ ತಾನು ಮೇನೆಯನ್ನೇರಿದ. ಆರ್ಕಾಟು, ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರು, ಅಲ್ಲಿಂದ ನೀಲಗಿರಿ, ಹೀಗೆ ನಾನೂರು ಮೈಲಿಗಳನ್ನು ಮನುಷ್ಯರ ಹೆಗಲ ಮೇಲೆ ಕ್ರಮಿಸಿದೆನೆಂದು ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಶ್ರೀರಂಗಪಟ್ಟಣವನ್ನು ಕಾಣುವ ಆಸೆ ಅವನಿಗೆ ಬಾಲ್ಯದಿಂದಲೂ ಇತ್ತು. ಅವನ ದೊಡ್ಡಪ್ಪ ಕಾಲಿನ್ ಮೆಕಾಲೆ ಅಲ್ಲಿ ನಾಲ್ಕು ವರ್ಷ ಸೆರೆಯಲ್ಲಿದ್ದವನು.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಭೇಟಿಯಾಯಿತು. ರಾಜ್ಯಭಾರವನ್ನು ಕಂಪನಿ ಸರಕಾರ ಕಿತ್ತುಕೊಂಡು ಆಗ ಮೂರು ವರ್ಷಗಳಾಗಿದ್ದುವು. ಮಹಾರಾಜರು ತಮ್ಮ ಉಡುಪುಗಳನ್ನೂ ಚಿತ್ರಗಳನ್ನೂ ತೋರಿಸಿದರಂತೆ. ಮೆಕಾಲೆ ಈ ಭೇಟಿಯನ್ನು ಬಹಳ ಚಮತ್ಕಾರವಾಗಿ ಗೇಲಿ ಮಾಡಿ ಬರೆದಿದ್ದಾನೆ: ಇಂಗ್ಲೆಂಡಿನ ಹಳ್ಳಿಯ ಹೋಟೆಲುಗಳಲ್ಲಿ ತೂಗುಹಾಕುವಂಥ ನಾಲ್ಕಾರು ಬಣ್ಣದ ಪಟಗಳು, ಅವುಗಳ ನಡುವೆ ಮಹಾರಾಜರು ಅಮೂಲ್ಯವೆಂದು ಭಾವಿಸಿದ್ದ ವೆಲ್ಲಿಂಗ್ಟನ್ನನ ಚಿತ್ರ ಯಾವುದೋ ಅಂಗಡಿಯ ಹೆಸರುಹಲಗೆಯಾಗಿದ್ದಿರಬೇಕೆಂದು ಅವನ ಊಹೆ. ಓದಿದವರಿಗೆ ನಗು ಬರುವುದು ಸಹಜ. ಆದರೆ ಕನ್ನಡಿಗರಾದ ನಮಗೆ ಆ ನಗು ಗಂಟಲಲ್ಲಿಯೇ ನಿಲ್ಲುತ್ತದೆ. ಕೆಂಪುನಾರಾಯಣನ ‘ಮುದ್ರಾಮಂಜೂಷ’, ಹೊಸಗನ್ನಡ ಗದ್ಯದ ಬಾಗಿಲಲ್ಲಿ ನಿಂತಿರುವ ಆ ಕೃತಿ, 1823ರಲ್ಲಿ ರಚಿತವಾದುದು ಇದೇ ಮಹಾರಾಜರ ಆಶ್ರಯದಲ್ಲಿ. ‘ಶ್ರೀತತ್ತ್ವನಿಧಿ’ಯಂಥ ಬೃಹತ್ ಸಂಕಲನಕ್ಕೆ ಕಾರಣರಾದವರೂ ಇವರೇ. ಗ್ರೀಕ್ ನಾಟಕಗಳನ್ನು ಓದಬಲ್ಲವನೊಬ್ಬ, ಕವಿಗಳಿಂದ ತುಂಬಿದ್ದ ಆಸ್ಥಾನಕ್ಕೆ ಬಂದು, ಪಟಗಳನ್ನು ಎಣಿಸಿ ಹೊರಟುಹೋದ. ಇಲ್ಲಿ ಓದಲು ಏನಿದೆ ಎಂದು ಕೇಳಿದ ಸುಳಿವು ಆ ಪತ್ರದಲ್ಲಿ ಇಲ್ಲ.

ಇದಕ್ಕಿಂತಲೂ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸುವ ಸಂಗತಿ ಮುಂದಿದೆ. 1842ರಲ್ಲಿ ಮೆಕಾಲೆ ಪ್ರಾಚೀನ ರೋಮಿನ ಲಾವಣಿಗಳ ಪುಸ್ತಕವೊಂದನ್ನು ಪ್ರಕಟಿಸಿದ. ರೋಮಿನ ಆದಿಕಾಲದ ಇತಿಹಾಸವೆಲ್ಲ ಜನರು ಹಾಡುತ್ತಿದ್ದ ಪದಗಳಿಂದ ಹುಟ್ಟಿತು. ಆ ಪದಗಳು ಅಳಿದುಹೋದುವು. ಅವು ಹೇಗಿದ್ದಿರಬಹುದೆಂದು ತಾನು ಊಹಿಸಿ ಬರೆದಿರುವೆನು ಎಂಬುದು ಅದರ ತಿರುಳು. ಈ ಯೋಚನೆ ತನಗೆ ಹೊಳೆದದ್ದು ಎಲ್ಲಿ ಎಂಬುದನ್ನೂ ಆತ ಪತ್ರವೊಂದರಲ್ಲಿ ತಿಳಿಸಿದ್ದಾನೆ: ನೀಲಗಿರಿಯ ಬುಡದ ಕಾಡಿನಲ್ಲಿ! ಮೈಸೂರಿನಿಂದ ನೀಲಗಿರಿಗೆ ಹೋಗುವ ಆ ಸೀಮೆಯನ್ನು ಬಲ್ಲವರು ಒಂದು ಗಳಿಗೆ ಇಲ್ಲಿ ನಿಲ್ಲಬೇಕು. ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರು ಇರುಳಿಡೀ ಹಾಡುವ ಸೀಮೆ ಅದು. ನಮ್ಮ ಅಂಚೆಟ್ಟಿಯ ಕಾಡಿನಾಚೆಯ ಬೆಟ್ಟದ ಮಾದಪ್ಪನನ್ನು ಕಂಸಾಳೆಯವರು ಹಾಡಿ ಕೊಂಡಾಡುವ ಸೀಮೆಯೂ ಅದೇ. ಎರಡು ಸಾವಿರ ವರ್ಷಗಳ ಹಿಂದೆ ಸತ್ತುಹೋದ ರೋಮಿನ ಹಾಡುಗಳಿಗಾಗಿ ಮೆಕಾಲೆ ಹಂಬಲಿಸುತ್ತಿದ್ದ. ಬದುಕಿದ್ದ ಹಾಡುಗಳ ನಡುವೆ ಅವನ ಮೇನೆ ಸಾಗುತ್ತಿತ್ತು.

ಉದಕಮಂಡಲದಲ್ಲಿ ಮಳೆ ಹಿಡಿದು ಎಲ್ಲರೂ ಒಳಗೆ ಕುಳಿತಿದ್ದಾಗ ಆತ ತನ್ನಲ್ಲಿದ್ದ ರಿಚರ್ಡ್‌ಸನ್ನನ ‘ಕ್ಲಾರಿಸ್ಸಾ’ ಕಾದಂಬರಿಯನ್ನು ಒಬ್ಬೊಬ್ಬರಿಗೂ ಕೊಟ್ಟನಂತೆ. ಗವರ್ನರ ಪತ್ನಿ ಪುಸ್ತಕವನ್ನು ಕಿತ್ತುಕೊಂಡರು, ಕಾರ್ಯದರ್ಶಿ ಅದಕ್ಕಾಗಿ ಕಾದು ನಿಂತ, ಮುಖ್ಯ ನ್ಯಾಯಾಧೀಶರು ಕಣ್ಣೀರಿನಿಂದ ಓದಲಾರದೆ ಹೋದರು ಎಂದು ಅವನ ಬಾಯಿಂದ ಕೇಳಿದ್ದನ್ನು ಕಾದಂಬರಿಕಾರ ಥ್ಯಾಕರೆ ಮುಂದೆ ಬರೆದಿಟ್ಟಿದ್ದಾನೆ. ಪುಸ್ತಕವನ್ನು ಹಂಚಿಕೊಂಡು ಓದುವ ಈ ಸುಖವನ್ನು ನಾವು ಮೆಚ್ಚದಿರಲಾರೆವು.

ಕಲಕತ್ತೆಯಲ್ಲಿ ಮೆಕಾಲೆಯ ದಿನಚರಿ ಕಟ್ಟುನಿಟ್ಟಾದುದು. ಬೆಳಗಿನ ಐದರಿಂದ ಒಂಬತ್ತರವರೆಗಿನ ಹೊತ್ತು ಅವನ ಸ್ವಂತದ್ದು. ಅದನ್ನು ಪ್ರಾಚೀನ ಸಾಹಿತ್ಯಕ್ಕೆ ಮೀಸಲಿಟ್ಟಿದ್ದ. 1835ರ ಡಿಸೆಂಬರ್ 30ರಂದು ಗೆಳೆಯ ಎಲ್ಲಿಸನಿಗೆ ಬರೆದ ಪತ್ರದಲ್ಲಿ, ಹಿಂದಿನ ಹದಿಮೂರು ತಿಂಗಳಲ್ಲಿ ಓದಿದ್ದರ ಲೆಕ್ಕವಿದೆ. ಈಸ್ಕಿಲಸ್ ಎರಡು ಸಲ, ಸೋಫೋಕ್ಲಿಸ್ ಎರಡು ಸಲ, ಯೂರಿಪಿಡೀಸ್ ಒಂದು ಸಲ, ಪಿಂಡಾರ್ ಎರಡು ಸಲ, ಹೆರೊಡೊಟಸ್, ಥುಸಿಡಿಡೀಸ್, ಪ್ಲೇಟೊ ಹೆಚ್ಚುಕಡಿಮೆ ಪೂರ್ತಿ, ಪ್ಲುಟಾರ್ಕನ ಜೀವನಚರಿತ್ರೆಗಳು ಪೂರ್ತಿ, ಲ್ಯಾಟಿನ್ನಿನಲ್ಲಿ ಪ್ಲಾಟಸ್, ಟೆರೆನ್ಸ್, ಲುಕ್ರೀಷಿಯಸ್ ಎರಡೆರಡು ಸಲ, ಲಿವಿ, ಸೀಸರ್, ಸಿಸೆರೊ. ಪಟ್ಟಿ ಇನ್ನೂ ಮುಂದುವರಿಯುತ್ತದೆ. ಹೊಸ ಭಾಷೆಯನ್ನು ಕಲಿಯುವ ಅವನ ಕ್ರಮವೂ ಪತ್ರದಲ್ಲಿ ಸಿಗುತ್ತದೆ. ಮೊದಲು ಆ ಭಾಷೆಯ ಬೈಬಲ್ಲನ್ನು ನಿಘಂಟಿಲ್ಲದೆ ಓದುವುದು; ಕಥೆ ಗೊತ್ತಿರುವುದರಿಂದ ಕೆಲವು ದಿನಗಳಲ್ಲೇ ವ್ಯಾಕರಣವೂ ಪದಗಳೂ ಕೈವಶವಾಗುತ್ತವೆ; ಆಮೇಲೆ ಒಳ್ಳೆಯ ಗ್ರಂಥವೊಂದಕ್ಕೆ ಕೈಹಾಕುವುದು. ಸ್ಪ್ಯಾನಿಷ್ ಮತ್ತು ಪೋರ್ಚುಗೀಸ್ ಭಾಷೆಗಳನ್ನು ಹೀಗೆ ಕಲಿತಿದ್ದ; ಊರಿಗೆ ಮರಳುವ ಹಡಗಿನಲ್ಲಿ ಜರ್ಮನ್ ಕಲಿಯುವ ಏರ್ಪಾಟನ್ನೂ ಮಾಡಿಕೊಂಡ.

ಈ ಓದು ಬರಿಯ ಪಾಂಡಿತ್ಯದ ಪ್ರದರ್ಶನವಲ್ಲ. ಅವನ ಅಚ್ಚುಮೆಚ್ಚಿನ ಇನ್ನೊಬ್ಬ ತಂಗಿ ಮಾರ್ಗರೆಟ್ ಇಂಗ್ಲೆಂಡಿನಲ್ಲಿ ತೀರಿಕೊಂಡ ಸುದ್ದಿ 1835ರ ಆರಂಭದಲ್ಲಿ ಕಲಕತ್ತೆಗೆ ತಲುಪಿತು. ಫೆಬ್ರವರಿ 8ರಂದು ಎಲ್ಲಿಸನಿಗೆ ಬರೆಯುತ್ತ, ಈ ಪೆಟ್ಟಿನಿಂದ ತಾನು ಪೂರ್ತಿ ಮುಳುಗಿಹೋಗದೆ ಉಳಿದದ್ದು ಸಾಹಿತ್ಯದ ದೆಸೆಯಿಂದ ಎಂದು ಆತ ಒಪ್ಪಿಕೊಂಡಿದ್ದಾನೆ. ಸತ್ತವರೊಡನೆ ಮಾತಾಡುವ ಭಾಗ್ಯ ಪುಸ್ತಕವನ್ನು ಪ್ರೀತಿಸುವವನಿಗೆ ಮಾತ್ರ ಉಂಟೆಂಬುದು ಆ ಪತ್ರದ ಭಾವ. ದುಃಖದಲ್ಲಿ ಗದುಗಿನ ಭಾರತವನ್ನೋ ರಾಮಾಯಣವನ್ನೋ ತೆರೆದು ಕುಳಿತ ನಮ್ಮ ಹಿರಿಯರಿಗೆ ಇದು ತಿಳಿಯದ ಮಾತಲ್ಲ.

ಆದರೆ ಆ ಪತ್ರಕ್ಕೆ ಕೇವಲ ಆರು ದಿನ ಮೊದಲು, ಫೆಬ್ರವರಿ 2ರಂದು, ಅದೇ ಮನುಷ್ಯ, ಅದೇ ಮೇಜಿನ ಕಾಲದಲ್ಲಿ, ವಿದ್ಯಾಭ್ಯಾಸವನ್ನು ಕುರಿತ ತನ್ನ ಪ್ರಸಿದ್ಧ ಟಿಪ್ಪಣಿಗೆ ರುಜು ಹಾಕಿದ್ದ. ತನಗೆ ಸಂಸ್ಕೃತವಾಗಲಿ ಅರಬ್ಬಿಯಾಗಲಿ ಬಾರದೆಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದ. ಹೆಸರಾಂತ ಗ್ರಂಥಗಳ ಅನುವಾದಗಳನ್ನು ಓದಿದ್ದೇನೆ, ಬಲ್ಲವರೊಡನೆ ಮಾತಾಡಿದ್ದೇನೆ ಎಂದ. ಬಳಿಕ, ಯೂರೋಪಿನ ಒಳ್ಳೆಯ ಪುಸ್ತಕಾಲಯವೊಂದರ ಒಂದೇ ಒಂದು ಕಪಾಟಿನ ಅರೆ ಭಾರತ ಮತ್ತು ಅರೇಬಿಯಾಗಳ ಸಮಸ್ತ ಸಾಹಿತ್ಯಕ್ಕೆ ಸಮವೆಂದು ತೀರ್ಪಿತ್ತ. ಜನರು ಆಡುವ ದೇಶಭಾಷೆಗಳಲ್ಲಿ ಸಾಹಿತ್ಯವಾಗಲಿ ಶಾಸ್ತ್ರವಾಗಲಿ ಇಲ್ಲವೆಂಬುದು ಎಲ್ಲ ಪಕ್ಷದವರೂ ಒಪ್ಪಿದ ಮಾತೆಂದು ತಳ್ಳಿಹಾಕಿದ. ಪಂಪನಿಂದ ಮೊದಲಾಗಿ ಒಂಬೈನೂರು ವರ್ಷಗಳ ಕನ್ನಡ ಕಾವ್ಯಪರಂಪರೆ ಆ ಒಂದು ವಾಕ್ಯದಡಿ ಸಿಕ್ಕಿಹೋಯಿತು. ಹಿಂದಿನ ವರ್ಷವಷ್ಟೇ ಆ ಕಾವ್ಯದ ನಾಡನ್ನು ಮೇನೆಯಲ್ಲಿ ದಾಟಿಬಂದವನ ಬರಹವಿದು.

ಈಗ ಎರಡನೆಯ ಓದುಗನ ಕಡೆಗೆ ತಿರುಗೋಣ. ಮನ್ರೋ 1761ರಲ್ಲಿ ಗ್ಲಾಸ್ಗೋ ನಗರದಲ್ಲಿ ಹುಟ್ಟಿದವನು. ಅವನ ತಂದೆಯೂ ವ್ಯಾಪಾರದಲ್ಲಿ ದಿವಾಳಿಯಾದವನೇ. ಹುಡುಗನಾಗಿದ್ದಾಗ ಡಾನ್ ಕ್ವಿಕ್ಸೋಟನ್ನು ಮೂಲದಲ್ಲಿ ಓದಲೇಬೇಕೆಂದು ನಿಘಂಟೊಂದನ್ನು ಹಿಡಿದು ತಾನಾಗಿ ಸ್ಪ್ಯಾನಿಷ್ ಕಲಿತ. 1780ರಲ್ಲಿ ಸಾಮಾನ್ಯ ಸಿಪಾಯಿ ಅಧಿಕಾರಿಯಾಗಿ ಮದರಾಸಿಗೆ ಬಂದ. ಊರಿನಲ್ಲಿದ್ದ ಸಹೋದರಿಗೆ 1789ರಲ್ಲಿ ಬರೆದ ಪತ್ರದಲ್ಲಿ ತನ್ನ ವೈಭವವನ್ನು ಬಣ್ಣಿಸಿದ್ದಾನೆ: ಬಂದ ಮೊದಲ ಮೂರು ವರ್ಷ ತಲೆದಿಂಬೆಂದರೆ ಒಂದು ಪುಸ್ತಕ, ಇಲ್ಲವೆ ತೋಟಾ ಚೀಲ, ಹಾಸಿಗೆ ನಾಲ್ಕು ಕೋಲುಗಳಿಗೆ ಬಿಗಿದ ಗೋಣಿಬಟ್ಟೆ, ಚಳಿಗೆ ಹಳೆಯ ಕೋಟಿನ ತೋಳುಗಳೊಳಗೆ ಕಾಲು ತೂರಿಸಿ ಉಳಿದುದನ್ನು ಮುಸುಕೆಳೆದುಕೊಳ್ಳುವುದು. ಆ ಬಡತನದಲ್ಲಿಯೂ ಆತ ಹಿಂದೂಸ್ತಾನಿಯನ್ನೂ ಪಾರಸಿಯನ್ನೂ ಕಲಿತ. ಶೇಕ್ಸ್‌ಪಿಯರನ ಶೈಲಾಕನನ್ನು ಹೋಲುವ, ಒಂದು ಸೇರು ಮಾಂಸದ ಒತ್ತೆಯ ಕಥೆಯೊಂದು ಪಾರಸಿಯ ಹಸ್ತಪ್ರತಿಯಲ್ಲಿ ಕಣ್ಣಿಗೆ ಬಿದ್ದಾಗ ಅದನ್ನು ಇಂಗ್ಲಿಷಿಗೆ ತಿರುಗಿಸಿ ಕಳುಹಿಸಿದ. ವಿದ್ವಾಂಸ ಮೆಲೋನ್ ತನ್ನ ಶೇಕ್ಸ್‌ಪಿಯರ್ ಆವೃತ್ತಿಯಲ್ಲಿ ಅದನ್ನು ಸೇರಿಸಿಕೊಂಡ.

1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುಸುಲ್ತಾನನಿಂದ ಬಾರಾಮಹಲ್, ಎಂದರೆ ಕೃಷ್ಣಗಿರಿ ಧರ್ಮಪುರಿಗಳ ಸೀಮೆ, ಕಂಪನಿಯ ಕೈಸೇರಿತು. ಅಲೆಕ್ಸಾಂಡರ್ ರೀಡನ ಸಹಾಯಕನಾಗಿ ಮನ್ರೋ 1799ರವರೆಗೆ ಇಲ್ಲಿದ್ದ. ಹಳ್ಳಿಹಳ್ಳಿ ತಿರುಗಿ ಹೊಲಗಳನ್ನು ಅಳೆಸುವುದು ಅವನ ಕೆಲಸ; ಧರ್ಮಪುರಿಯಲ್ಲಿ ಬೆಳೆಸಿದ ತೋಟ ಅವನಿಗೆ ಬಹಳ ಪ್ರಿಯವಾಗಿತ್ತು. ಆತನೂ ಕಂದಾಯ ವಸೂಲಿಗೆ ಬಂದ ಪರದೇಶದವನೇ ಎಂಬುದನ್ನು ನಾವು ಮರೆತಿಲ್ಲ. ಆದರೆ ಅವನು ಬಂದದ್ದು ಮೇನೆಯ ಪರದೆಯ ಹಿಂದೆ ಕುಳಿತಲ್ಲ.

ಆ ವ್ಯತ್ಯಾಸದ ಫಲ ಮೂವತ್ತು ವರ್ಷಗಳ ಮೇಲೆ ಕಂಡಿತು. ಮದರಾಸಿನ ಗವರ್ನರನಾದ ಮನ್ರೋ 1822ರ ಜೂನ್‌ನಲ್ಲಿ, ಪ್ರತಿಯೊಂದು ಜಿಲ್ಲೆಯಲ್ಲಿಯೂ ಜನರು ತಾವೇ ನಡೆಸುತ್ತಿರುವ ಶಾಲೆಗಳೆಷ್ಟು, ಓದುವವರೆಷ್ಟು ಎಂದು ಕಲೆಕ್ಟರುಗಳಿಂದ ಲೆಕ್ಕ ತರಿಸಿದ. 1826ರ ಮಾರ್ಚ್‌ನಲ್ಲಿ ಅವನು ಬರೆದ ಟಿಪ್ಪಣಿಯ ಪ್ರಕಾರ ಮದರಾಸು ಅಧಿಪತ್ಯದಲ್ಲಿ 12,498 ಶಾಲೆಗಳು, 1,88,650 ವಿದ್ಯಾರ್ಥಿಗಳು. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಕಳುಹಿಸಿದ ವರದಿ ಕನ್ನಡಿಗರೆಲ್ಲ ತಿಳಿದಿರಬೇಕಾದುದು. ಆ ಜಿಲ್ಲೆಯ 533 ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು. ಇಂಗ್ಲಿಷಿನದು ಒಂದೇ ಒಂದು. ಮಕ್ಕಳು ಓದುತ್ತಿದ್ದ ಪುಸ್ತಕಗಳ ಹೆಸರುಗಳೂ ಅಲ್ಲಿವೆ: ರಾಮಾಯಣ, ಮಹಾಭಾರತ, ಭಾಗವತ, ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಪಂಚತಂತ್ರ, ಅಮರಕೋಶ, ಶಬ್ದಮಣಿದರ್ಪಣ. ಆ ಶಾಲೆಗಳ ಕುಂದನ್ನೂ ಕ್ಯಾಂಬೆಲ್ ಮುಚ್ಚಿಡಲಿಲ್ಲ. ಹಳೆಯ ಪದ್ಯಗಳನ್ನು ಅರ್ಥ ತಿಳಿಯದೆ ಗಿಳಿಪಾಠ ಒಪ್ಪಿಸುವುದು ಹೆಚ್ಚು. 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಅರವತ್ತು ಮಾತ್ರ. ಆದರೂ ಅದು ಒಂದು ಕಪಾಟಿನ ಅರೆ. ಮೆಕಾಲೆ ತನ್ನ ಟಿಪ್ಪಣಿ ಬರೆಯುವುದಕ್ಕೆ ಹನ್ನೆರಡು ವರ್ಷ ಮೊದಲೇ ಸರಕಾರದ ಕಡತದಲ್ಲಿ ಪಟ್ಟಿಯಾಗಿ ಕುಳಿತಿದ್ದ ಅರೆ.

ಇಬ್ಬರೂ ಪುಸ್ತಕಪ್ರೇಮಿಗಳು. ಓದಿದ ಪುಟಗಳನ್ನು ಎಣಿಸಿದರೆ ಮೆಕಾಲೆಯೇ ಹಿರಿಯ. ಮನ್ರೋ ಅವನ ಹತ್ತಿರಕ್ಕೂ ಬರಲಾರ. ಆದರೆ ತನ್ನ ಸುತ್ತಲಿನ ಮಕ್ಕಳು ಏನು ಓದುತ್ತಾರೆ ಎಂದು ಕೇಳಬೇಕೆಂದು ತೋರಿದ್ದು ಪುಸ್ತಕವನ್ನು ತಲೆದಿಂಬು ಮಾಡಿಕೊಂಡವನಿಗೆ. ಹೆಚ್ಚು ಓದಿದ ಮಾತ್ರಕ್ಕೆ ಕಿವಿ ತೆರೆಯುವುದಿಲ್ಲ ಎಂಬುದನ್ನು ಈ ಪತ್ರಗಳಿಂದ ನಾವು ಕಲಿಯಬಹುದಾಗಿದೆ.

ಗಡಿಯ ಮನೆಗಳಲ್ಲಿ ಬಾಳುವ ನಮಗೆ ಇದು ದೂರದ ಮಾತಲ್ಲ. ನಮ್ಮ ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಕೇಳಿಬರುತ್ತವೆ. 2006ರ ತಮಿಳು ಕಲಿಕೆಯ ಕಾಯ್ದೆ ಬಂದ ಮೇಲೆ ನಮ್ಮ ಮಕ್ಕಳು ಎಳೆಯ ತರಗತಿಯಿಂದಲೇ ತಮಿಳನ್ನು ಕಲಿಯುತ್ತಿದ್ದಾರೆ. ಕಲಿಯಲಿ; ಕುರಳನ್ನು ಮೂಲದಲ್ಲಿ ಓದಬಲ್ಲ ಭಾಗ್ಯ ಎಷ್ಟು ಮಂದಿ ಕನ್ನಡಿಗರಿಗೆ ಉಂಟು? ಹೊಸೂರಿಗೆ ಕೂಗಳತೆಯ ಮಾಲೂರು ಸೀಮೆಯ ಮಾಸ್ತಿಯವರ ಮನೆಮಾತು ತಮಿಳು, ಬರೆದದ್ದು ಕನ್ನಡದಲ್ಲಿ, 1983ರ ಜ್ಞಾನಪೀಠ ಬಂದದ್ದು ಆ ಕನ್ನಡಕ್ಕೆ. ಒಂದು ಭಾಷೆ ಇನ್ನೊಂದನ್ನು ಮನೆಯಿಂದ ಹೊರಗೆ ದೂಡಬೇಕಾಗಿಲ್ಲ. ಆದರೆ ಶಾಲೆ ಕಲಿಸದ ಅಕ್ಷರವನ್ನು ಮನೆ ಕಲಿಸದಿದ್ದರೆ, ನಮ್ಮ ಮಕ್ಕಳು ತಮ್ಮ ಮುತ್ತಜ್ಜನ ಬರಹದ ಎದುರಿನಲ್ಲಿಯೇ ಮೇನೆಯೊಳಗಿನ ಪ್ರಯಾಣಿಕರಾಗುತ್ತಾರೆ. ತಪ್ಪು ಅವರದಲ್ಲ, ಮೇನೆಯಲ್ಲಿ ಕೂರಿಸಿದ ನಮ್ಮದು.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇವೆ. ಹೊರಡುವ ಹೊತ್ತಿಗೆ ಅವಳು ಒಂದು ಕಾರ್ಡನ್ನು ಕೈಯಲ್ಲಿ ಹಿಡಿದು, “ಇದನ್ನು ಇನ್ನೊಮ್ಮೆ ಓದಿ, ನಾನು ಬೆರಳಿಟ್ಟು ನೋಡುತ್ತೇನೆ” ಎಂದಳು. ಓದಿದೆವು. ಅರ್ಥ ಮೊದಲೇ ಗೊತ್ತಿದ್ದುದರಿಂದ ಅಕ್ಷರಗಳು ಒಂದೊಂದಾಗಿ ಹತ್ತಿರ ಬಂದುವು. ಮೆಕಾಲೆ ಸ್ಪ್ಯಾನಿಷ್ ಕಲಿತ ಕ್ರಮವೇ ಇದಲ್ಲವೆ ಎಂದು ನಮಗೆ ಆಮೇಲೆ ಹೊಳೆಯಿತು. ಮೊನ್ನೆ ಅವಳಿಂದ ನಮಗೊಂದು ಕಾಗದ ಬಂದಿದೆ. ನಾಲ್ಕೇ ಸಾಲು, ಒತ್ತಕ್ಷರಗಳು ಅಲ್ಲಲ್ಲಿ ತಪ್ಪಿವೆ. ಕೊನೆಯ ಸಾಲಿನಲ್ಲಿ, ಮುತ್ತಜ್ಜನ ಹನ್ನೊಂದು ಕಾರ್ಡುಗಳನ್ನು ಓದಿ ಮುಗಿಸಿದ್ದಾಗಿ ಬರೆದಿದ್ದಾಳೆ.

ನಮ್ಮ ಓದುಗ ಬಂಧುಗಳು, ಅದರಲ್ಲಿಯೂ ತಾಯಂದಿರು, ಈ ತಿಂಗಳು ತಮ್ಮ ಮನೆಯಲ್ಲಿ ಯಾರು ಏನು ಓದಿದರು ಎಂಬುದನ್ನು ಯಾರಿಗಾದರೂ ಒಂದು ಕಾರ್ಡಿನಲ್ಲಿ ಕನ್ನಡದಲ್ಲಿ ಬರೆಯಲಿ. ಬರೆಯಲು ಬೇರಾರೂ ಇಲ್ಲದಿದ್ದರೆ ನಮಗೇ ಬರೆಯಬಹುದು.